ಟೆಕ್ಸಸ್‌ನಲ್ಲಿ ವಿಜ್ಞಾನ ಪದವಿ: 42 ಕ್ರೆಡಿಟ್‌ಗಳ ಸಾಮಾನ್ಯ ಶಿಕ್ಷಣವನ್ನು ಜೋಡಿಸಿಕೊಳ್ಳುವ ಬಗೆ

ಪಿಯುಸಿಯಲ್ಲಿ ಪಿಸಿಎಂಬಿ ಓದಿ, ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯವೊಂದಕ್ಕೆ ರಸಾಯನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಕಲಿಯಲು ಬರುವ ಮಕ್ಕಳು ಪದವಿಯ ಕೋರ್ಸ್ ಪಟ್ಟಿಯನ್ನು ಮೊದಲ ಸಲ ನೋಡಿದಾಗ ಬೆಚ್ಚುತ್ತಾರೆ. ಅಮೆರಿಕದ ಇತಿಹಾಸ ಎರಡು ಕೋರ್ಸ್, ಸರ್ಕಾರ ಎರಡು ಕೋರ್ಸ್, ಇಂಗ್ಲಿಷ್ ಬರವಣಿಗೆ ಎರಡು ಕೋರ್ಸ್, ಮೇಲೆ ಚಿತ್ರಕಲೆಯೋ ಸಂಗೀತವೋ ಒಂದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಸಂಜೆಯೇ ಸಮಾಜ ವಿಜ್ಞಾನದ ಪುಸ್ತಕ ಕಟ್ಟಿಟ್ಟವರಿಗೆ ಅದು ಇಲ್ಲಿ ಮತ್ತೆ ಎದುರಾಗುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳ ಮನೆಗಳಲ್ಲೂ ಇದೇ ಮಾತು: ‘ಸೈನ್ಸ್ ಓದುವವರಿಗೆ ಇದೆಲ್ಲ ಏಕೆ?’

ನಾನು ಡಲ್ಲಾಸ್ ಪಕ್ಕದ ಊರೊಂದರಲ್ಲಿ ವಾಸವಾಗಿದ್ದೇನೆ. ನನ್ನ ಮಗಳು ಇಲ್ಲಿ ಬಿಎಸ್ (ನಾಲ್ಕು ವರ್ಷದ ವಿಜ್ಞಾನ ಪದವಿ) ಮುಗಿಸಿದ ಮೇಲೆ, ಪರಿಚಯದ ಮನೆಗಳ ಮಕ್ಕಳ ಜೊತೆ ಊಟದ ಮೇಜಿನ ಮೇಲೆ ಹಾಳೆ ಹರಡಿ ಕುಳಿತು ಅವರ ಕೋರ್ಸ್‌ಗಳನ್ನು ಜೋಡಿಸಿಕೊಡುವುದು ರೂಢಿಯಾಯಿತು. ಅಷ್ಟರಿಂದ ನಾನು ಕಂಡುಕೊಂಡದ್ದು ಇಷ್ಟು. ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣದ ಈ 42 ಕ್ರೆಡಿಟ್‌ಗಳಲ್ಲಿ ಒಂದು ಪಾಲು ನಿಮ್ಮ ವಿಜ್ಞಾನದ ಕೋರ್ಸ್‌ಗಳಿಂದಲೇ ತುಂಬುತ್ತದೆ. ಉಳಿದದ್ದನ್ನು ಯಾವ ಸೆಮಿಸ್ಟರಿನಲ್ಲಿ, ಯಾವ ಕಷ್ಟದ ಕೋರ್ಸಿನ ಪಕ್ಕದಲ್ಲಿ ಇಡುತ್ತೀರಿ ಎಂಬುದನ್ನು ಮೊದಲ ವಾರದಲ್ಲೇ ಯೋಚಿಸಿದರೆ ನಾಲ್ಕು ವರ್ಷ ನೆಮ್ಮದಿ. ಯೋಚಿಸದೆ ‘ಸೀಟು ಖಾಲಿ ಇತ್ತು, ತೆಗೆದುಕೊಂಡೆ’ ಎಂದವರು ಕೊನೆಯ ವರ್ಷದಲ್ಲಿ ಪರದಾಡುವುದನ್ನು ನೋಡಿದ್ದೇನೆ.

ಹೆಜ್ಜೆ 1: ಚೌಕಟ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ

ಬಿಎಸ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಗಂಟೆಗಳು ಬೇಕು. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್ ಗಂಟೆ. ಅದರಲ್ಲಿ 42 ಗಂಟೆ ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಇದನ್ನು ಟೆಕ್ಸಸ್‌ನಲ್ಲಿ ಎಲ್ಲರೂ ‘ಕೋರ್’ ಎಂದೇ ಕರೆಯುತ್ತಾರೆ. ಪ್ರತಿ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಕ್ಕೂ ಚೌಕಟ್ಟು ಒಂದೇ. ಈಗಿರುವ ರೂಪ 2014ರ ಫಾಲ್ (ಆಗಸ್ಟ್ ಹೊತ್ತಿಗೆ ಶುರುವಾಗುವ) ಸೆಮಿಸ್ಟರಿನಿಂದ ಜಾರಿಯಲ್ಲಿದೆ. ಹಾಳೆಯ ಎಡಬದಿಯಲ್ಲಿ ಈ ಒಂಬತ್ತು ಸಾಲುಗಳನ್ನು ಬರೆಯಿರಿ:

010 – ಸಂವಹನ – 6 ಗಂಟೆ
020 – ಗಣಿತ – 3
030 – ಜೀವ ಮತ್ತು ಭೌತ ವಿಜ್ಞಾನಗಳು – 6
040 – ಭಾಷೆ, ತತ್ತ್ವಶಾಸ್ತ್ರ, ಸಂಸ್ಕೃತಿ – 3
050 – ಸೃಜನಶೀಲ ಕಲೆಗಳು – 3
060 – ಅಮೆರಿಕದ ಇತಿಹಾಸ – 6
070 – ಸರ್ಕಾರ ಮತ್ತು ರಾಜ್ಯಶಾಸ್ತ್ರ – 6
080 – ಸಾಮಾಜಿಕ ಮತ್ತು ವರ್ತನಾ ವಿಜ್ಞಾನಗಳು – 3
090 – ಕಾಲೇಜು ತಾನೇ ನಿರ್ಧರಿಸುವ ಭಾಗ – 6

ಎಡಗಡೆಯ ಮೂರಂಕಿಯ ಸಂಖ್ಯೆಗಳನ್ನು ಬಿಡಬೇಡಿ. ಕ್ಯಾಟಲಾಗ್‌ನಲ್ಲಿ (ಕೋರ್ಸ್‌ಗಳು, ನಿಯಮಗಳು ಇರುವ ಕಾಲೇಜಿನ ಅಧಿಕೃತ ಪುಸ್ತಕ), ಬೇರೆ ಕಾಲೇಜಿಗೆ ವರ್ಗವಾಗುವಾಗ, ಅಂಕಪಟ್ಟಿಯಲ್ಲಿ ಈ ಸಂಖ್ಯೆಗಳೇ ಗುರುತು. 010ರಿಂದ 080ರವರೆಗಿನ ಸಾಲುಗಳ ಅರ್ಥ ಎಲ್ಲ ಕಡೆಯೂ ಒಂದೇ; 090 ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಒಂದು ಕಡೆ ಅದಕ್ಕೆ ಭಾಷಣ ಕಲೆಯ ಕೋರ್ಸ್ ಬೇಕು, ಇನ್ನೊಂದು ಕಡೆ ಮೊದಲ ವರ್ಷದ ಸೆಮಿನಾರ್, ಮತ್ತೊಂದು ಕಡೆ ಹೆಚ್ಚುವರಿ ಗಣಿತವೂ ಪ್ರಯೋಗಾಲಯದ ಗಂಟೆಗಳೂ ಸಾಕು.

ಖಾಸಗಿ ವಿಶ್ವವಿದ್ಯಾಲಯಗಳು ಈ ಚೌಕಟ್ಟಿಗೆ ಒಳಪಡುವುದಿಲ್ಲ. ರೈಸ್, ಬೇಲರ್, ಸದರ್ನ್ ಮೆಥಡಿಸ್ಟ್ ಇವುಗಳ ನಿಯಮ ಅವುಗಳದ್ದೇ. ಆದರೂ ದಕ್ಷಿಣದ ರಾಜ್ಯಗಳ ಕಾಲೇಜುಗಳಿಗೆ ಮಾನ್ಯತೆ ಕೊಡುವ ಆಯೋಗ ಪದವಿಗೆ ಕನಿಷ್ಠ 30 ಗಂಟೆ ಸಾಮಾನ್ಯ ಶಿಕ್ಷಣ ಇರಲೇಬೇಕು ಎನ್ನುವುದರಿಂದ, ಯಾವ ಕಾಲೇಜಿಗೆ ಹೋದರೂ ಇದರಿಂದ ಪೂರ್ತಿ ಬಿಡುಗಡೆ ಇಲ್ಲ. ಕರ್ನಾಟಕದಲ್ಲಿ ಬಿಎಸ್ಸಿ ಓದಿದವರಿಗೂ ಇದು ತೀರಾ ಹೊಸತಲ್ಲ. ಅಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯೂ ಕನ್ನಡ, ಇಂಗ್ಲಿಷ್ ಪತ್ರಿಕೆಗಳನ್ನು ಬರೆಯುತ್ತಾನೆ, ಭಾರತದ ಸಂವಿಧಾನವನ್ನು ಓದುತ್ತಾನೆ. ಇಲ್ಲಿ ಅದರ ಪ್ರಮಾಣ ದೊಡ್ಡದು, ಆಯ್ಕೆ ನಿಮ್ಮ ಕೈಯಲ್ಲಿದೆ.

ಹೆಜ್ಜೆ 2: ಕೋರ್ಸ್ ಸಂಖ್ಯೆಯನ್ನು ಓದಲು ಕಲಿಯಿರಿ

ಟೆಕ್ಸಸ್‌ನ ಸಮುದಾಯ ಕಾಲೇಜುಗಳೆಲ್ಲ (ಪದವಿಯ ಮೊದಲ ಎರಡು ವರ್ಷದ ಪಾಠ ಹೇಳುವ ಸ್ಥಳೀಯ ಸರ್ಕಾರಿ ಕಾಲೇಜುಗಳು) ಒಂದೇ ಸಾಮಾನ್ಯ ಸಂಖ್ಯಾ ಪದ್ಧತಿಯನ್ನು ಬಳಸುತ್ತವೆ. ಇಂಗ್ಲಿಷ್ 1301 ಎಂದರೆ ಹ್ಯೂಸ್ಟನ್‌ನಲ್ಲೂ ಎಲ್ ಪಾಸೊದಲ್ಲೂ ಅದೇ ಕೋರ್ಸ್. ಮೊದಲ ಅಂಕಿ ಯಾವ ವರ್ಷದ ಮಟ್ಟ ಎಂಬುದನ್ನೂ ಎರಡನೆಯ ಅಂಕಿ ಎಷ್ಟು ಕ್ರೆಡಿಟ್ ಗಂಟೆ ಎಂಬುದನ್ನೂ ಹೇಳುತ್ತವೆ. ಕೆಮಿಸ್ಟ್ರಿ 1311 ಮೂರು ಗಂಟೆಯ ಪಾಠ, ಅದರ ಜೊತೆಗಿನ 1111 ಒಂದು ಗಂಟೆಯ ಪ್ರಯೋಗಾಲಯ. ಮ್ಯಾತ್ 2413 ನಾಲ್ಕು ಗಂಟೆಯ ಕ್ಯಾಲ್ಕುಲಸ್. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ, ಟೆಕ್ಸಸ್ ಎ ಅಂಡ್ ಎಂ ಮುಂತಾದವು ತಮ್ಮದೇ ಸಂಖ್ಯೆಗಳನ್ನು ಇಟ್ಟುಕೊಂಡಿದ್ದರೂ ಯಾವುದು ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ಕ್ಯಾಟಲಾಗ್‌ನಲ್ಲಿ ಕೊಡುತ್ತವೆ. ನಾನು ಕೆಳಗೆ ಬಳಸುವುದು ಸಾಮಾನ್ಯ ಪದ್ಧತಿಯ ಸಂಖ್ಯೆಗಳನ್ನು.

ಹೆಜ್ಜೆ 3: ವಿಜ್ಞಾನದಿಂದಲೇ ತುಂಬುವುದನ್ನು ಕಳೆಯಿರಿ

ಇದನ್ನು ಮಾಡಿದ ಕೂಡಲೇ ಮಕ್ಕಳ ಮುಖ ಅರಳುತ್ತದೆ. ನೀವು ರಸಾಯನಶಾಸ್ತ್ರ ಮುಖ್ಯ ವಿಷಯವಾಗಿ ತೆಗೆದುಕೊಂಡಿದ್ದೀರಿ ಎನ್ನಿ. ಕ್ಯಾಲ್ಕುಲಸ್ ಹೇಗೂ ಓದಲೇಬೇಕು. ಅದರಿಂದ 020ರ 3 ಗಂಟೆ ಮುಗಿಯಿತು. ಕೆಮಿಸ್ಟ್ರಿ 1311, 1312 ಹೇಗೂ ಓದಬೇಕು. 030ರ 6 ಗಂಟೆಯೂ ಮುಗಿಯಿತು. 42ರಲ್ಲಿ 9 ಹೋಯಿತು, ಉಳಿದದ್ದು 33. ಕ್ಯಾಲ್ಕುಲಸ್ ನಾಲ್ಕು ಗಂಟೆಯದ್ದು, 020 ಕೇಳುವುದು ಮೂರನ್ನು. ಉಳಿದ ಒಂದು ಗಂಟೆಯನ್ನೂ ಎರಡು ಪ್ರಯೋಗಾಲಯಗಳ ಎರಡು ಗಂಟೆಗಳನ್ನೂ 090ಕ್ಕೆ ಸೇರಿಸಲು ಬಿಡುವ ವಿಶ್ವವಿದ್ಯಾಲಯಗಳಿವೆ. ಅಂಥ ಕಡೆ ಉಳಿಯುವುದು 30 ಅಥವಾ ಅದಕ್ಕೂ ಕಡಿಮೆ. ಎಂದರೆ ನಾಲ್ಕು ವರ್ಷಗಳಲ್ಲಿ ಹತ್ತು ಕೋರ್ಸ್. ಸೆಮಿಸ್ಟರಿಗೆ ಒಂದು, ಕೆಲವೊಮ್ಮೆ ಎರಡು. 42 ಎಂದಾಗ ಬೆಟ್ಟದಂತೆ ಕಂಡದ್ದು ಇಷ್ಟೇ.

ನಿಮ್ಮ ವಿಭಾಗದ ನಾಲ್ಕು ವರ್ಷದ ಮಾದರಿ ಯೋಜನೆಯನ್ನು ವಿಶ್ವವಿದ್ಯಾಲಯ ಕ್ಯಾಟಲಾಗ್‌ನಲ್ಲಿ ಪ್ರಕಟಿಸಿರುತ್ತದೆ. ಅದನ್ನು ಮುದ್ರಿಸಿಕೊಂಡು, ಎರಡು ಕಡೆ ಲೆಕ್ಕಕ್ಕೆ ಬರುವ ಕೋರ್ಸ್‌ಗಳಿಗೆಲ್ಲ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

ಹೆಜ್ಜೆ 4: ಹೆಸರು ಒಂದೇ, ಕೋರ್ಸ್ ಬೇರೆ ಎಂಬ ಹೊಂಡವನ್ನು ತಪ್ಪಿಸಿ

ಕೋರ್ ಪಟ್ಟಿಯಲ್ಲಿ ಇದೆ ಎಂದ ಮಾತ್ರಕ್ಕೆ ಆ ಕೋರ್ಸ್ ನಿಮ್ಮ ವಿಜ್ಞಾನ ಪದವಿಗೆ ನಡೆಯುತ್ತದೆ ಎಂದು ಭಾವಿಸಬೇಡಿ. ಈ ಒಂದು ವಿಷಯದಲ್ಲಿ ದುಡ್ಡು, ಕಾಲ, ಉತ್ಸಾಹ ಮೂರೂ ಹಾಳಾಗುವುದನ್ನು ಕಂಡಿದ್ದೇನೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬಯಾಲಜಿ 1306, 1307 ವಿಜ್ಞಾನದ ವಿದ್ಯಾರ್ಥಿಗಳಿಗೆ. ಬಯಾಲಜಿ 1308, 1309 ವಿಜ್ಞಾನೇತರ ವಿದ್ಯಾರ್ಥಿಗಳಿಗೆ. ಎರಡೂ 030ರಲ್ಲಿ ಬರುತ್ತವೆ, ಎರಡಕ್ಕೂ ಮೂರು ಕ್ರೆಡಿಟ್. ನನ್ನ ಅಣ್ಣನ ಮಗ ಒಂದು ಸಮುದಾಯ ಕಾಲೇಜಿನಲ್ಲಿ, ಬೆಳಗಿನ ಹೊತ್ತು ಸೀಟು ಸಿಕ್ಕಿತೆಂದು 1308 ತೆಗೆದುಕೊಂಡ. ಎ ಗ್ರೇಡ್ ಬಂತು. ವಿಶ್ವವಿದ್ಯಾಲಯಕ್ಕೆ ವರ್ಗವಾದಾಗ ಕೋರ್ ಲೆಕ್ಕಕ್ಕೆ ಅದು ಸೇರಿತು. ಜೀವಶಾಸ್ತ್ರದ ಪದವಿಗೆ ಸೇರಲಿಲ್ಲ. 1306 ಇಲ್ಲದೆ ಮುಂದಿನ ಜೆನೆಟಿಕ್ಸ್ ಇಲ್ಲ, ಜೆನೆಟಿಕ್ಸ್ ಇಲ್ಲದೆ ಅದರ ಮುಂದಿನದ್ದು ಇಲ್ಲ. ಒಂದು ಸೆಮಿಸ್ಟರ್ ಹಿಂದೆ ಬಿದ್ದ. ಅವನಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಅವನು ಕೇಳಿದ್ದು ‘ಇದು ಕೋರ್‌ಗೆ ಆಗುತ್ತದೆಯೇ?’ ಎಂದು. ಕೇಳಬೇಕಾದದ್ದು ‘ಇದು ನನ್ನ ಪದವಿಗೆ ಆಗುತ್ತದೆಯೇ?’ ಎಂದು.

ಇದೇ ಜಾತಿಯ ಇನ್ನೂ ಕೆಲವು: ಕೆಮಿಸ್ಟ್ರಿ 1305 ಅಥವಾ 1405 ಪರಿಚಯಾತ್ಮಕ ಕೋರ್ಸ್, ವಿಜ್ಞಾನ ಪದವಿಗೆ ಬೇಕಾದದ್ದು 1311. ಫಿಸಿಕ್ಸ್ 1401 ಬೀಜಗಣಿತದ ಆಧಾರದ್ದು, ಭೌತಶಾಸ್ತ್ರ, ರಸಾಯನಶಾಸ್ತ್ರದವರಿಗೆ ಸಾಮಾನ್ಯವಾಗಿ ಬೇಕಾದದ್ದು ಕ್ಯಾಲ್ಕುಲಸ್ ಆಧಾರದ 2425. ಮ್ಯಾತ್ 1314 ಕಾಲೇಜ್ ಆಲ್ಜಿಬ್ರಾ 020ಕ್ಕೆ ಆಗುತ್ತದೆ, ಆದರೆ ಪಿಯುಸಿಯಲ್ಲಿ ಅವಕಲನ, ಅನುಕಲನ ಮಾಡಿ ಬಂದವರು ಅದರಲ್ಲಿ ಕೂರುವುದು ವ್ಯರ್ಥ. ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ಗಂಭೀರವಾಗಿ, ಹಳೆಯ ಪುಸ್ತಕ ತಿರುವಿಹಾಕಿ ಬರೆಯಿರಿ. ಅಲ್ಲಿ ಕಡಿಮೆ ಅಂಕ ಬಂದರೆ ಆಲ್ಜಿಬ್ರಾದಿಂದಲೇ ಆರಂಭಿಸಬೇಕಾಗಬಹುದು.

ಹೆಜ್ಜೆ 5: ಇಂಗ್ಲಿಷ್ ಬರವಣಿಗೆಯನ್ನು ಮೊದಲ ವರ್ಷವೇ ಮುಗಿಸಿ

010ರ 6 ಗಂಟೆ ಎಂದರೆ ಹೆಚ್ಚಿನ ಕಡೆ ಇಂಗ್ಲಿಷ್ 1301 ಮತ್ತು 1302. ಕೆಲವು ಕಡೆ 1301ರ ಜೊತೆ ಭಾಷಣ ಕಲೆಯ ಕೋರ್ಸ್ ಇರುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ‘ಇದೇನು ದೊಡ್ಡ ವಿಷಯ’ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಬರವಣಿಗೆ ಎಂದರೆ ಪಠ್ಯದಲ್ಲಿದ್ದ ಉತ್ತರವನ್ನು ಅಚ್ಚುಕಟ್ಟಾಗಿ ಬರೆಯುವುದು. ಇಲ್ಲಿ ಅವರು ಕೇಳುವುದು ನಿಮ್ಮ ವಾದವನ್ನು: ಒಂದು ವಾಕ್ಯದಲ್ಲಿ ನಿಮ್ಮ ನಿಲುವು, ಆಮೇಲೆ ಅದಕ್ಕೆ ಆಧಾರ, ಎದುರಾಳಿಯ ಮಾತಿಗೆ ಉತ್ತರ. ಬೇರೆಯವರ ಒಂದು ವಾಕ್ಯವನ್ನು ಮೂಲ ಹೇಳದೆ ಬಳಸಿದರೂ ಕೃತಿಚೌರ್ಯದ ದೂರು ದಾಖಲಾಗಬಹುದು. ಊರಿನಲ್ಲಿ ಗೈಡ್‌ನಿಂದ ಬರೆದು ಅಭ್ಯಾಸವಾದ ಒಳ್ಳೆಯ ಹುಡುಗರೂ ಮೊದಲ ಪ್ರಬಂಧದಲ್ಲಿ ಈ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಕಪಟವಿರುವುದಿಲ್ಲ, ಯಾರೂ ಕಲಿಸಿರುವುದಿಲ್ಲ.

ಕ್ಯಾಂಪಸ್‌ಗಳಲ್ಲಿ ಬರವಣಿಗೆ ಕೇಂದ್ರ ಇರುತ್ತದೆ. ಶುಲ್ಕವಿಲ್ಲದೆ ನಿಮ್ಮ ಕರಡನ್ನು ಓದಿ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಾರೆ. ಗಡುವಿಗೆ ಒಂದು ವಾರ ಮೊದಲೇ ಹೋಗಿ. 1302ರಲ್ಲಿ ಸಂಶೋಧನಾ ಪ್ರಬಂಧ ಬರೆಯಿಸುತ್ತಾರೆ. ಗ್ರಂಥಾಲಯದ ಡೇಟಾಬೇಸ್‌ಗಳಲ್ಲಿ ಹುಡುಕುವುದು, ಉಲ್ಲೇಖಿಸುವುದು ಅಲ್ಲಿ ಕೈಗೆ ಹತ್ತುತ್ತದೆ. ಎರಡನೇ ವರ್ಷದ ಪ್ರಯೋಗಾಲಯದ ವರದಿಗಳಲ್ಲಿ ಇದೇ ಕೈಹಿಡಿಯುತ್ತದೆ. ಆದ್ದರಿಂದಲೇ ಈ ಎರಡನ್ನು ಮುಂದೂಡಬಾರದು ಎಂದು ಪಟ್ಟು ಹಿಡಿದು ಹೇಳುತ್ತೇನೆ.

ಹೆಜ್ಜೆ 6: ಇತಿಹಾಸ ಮತ್ತು ಸರ್ಕಾರ, ಬಿಡಲಾಗದ ಹನ್ನೆರಡು ಗಂಟೆ

060 ಮತ್ತು 070 ಕಾಲೇಜಿನ ಇಚ್ಛೆಯಿಂದ ಬಂದವಲ್ಲ. ರಾಜ್ಯದ ಕಾನೂನೇ 6 ಗಂಟೆ ಅಮೆರಿಕದ ಇತಿಹಾಸ, 6 ಗಂಟೆ ಸರ್ಕಾರ ಓದಬೇಕೆಂದು ವಿಧಿಸಿದೆ. ಹಿಸ್ಟರಿ 1301 ಮೊದಲಿನಿಂದ 1877ರವರೆಗೆ, 1302 ಅಲ್ಲಿಂದ ಈಚೆಗೆ. ಇವುಗಳಲ್ಲಿ ಒಂದರ ಬದಲಿಗೆ ಟೆಕ್ಸಸ್ ಇತಿಹಾಸದ 2301 ಓದಬಹುದು. ಗವರ್ನಮೆಂಟ್ 2305 ಒಕ್ಕೂಟ ಸರ್ಕಾರದ್ದು, 2306 ಟೆಕ್ಸಸ್‌ನದ್ದು.

ಆಯ್ಕೆ ಇದ್ದರೆ ಹಿಸ್ಟರಿ 1302 ಬಿಡಬೇಡಿ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯೇ ನೂರಾರು ಕಪ್ಪು ಜನರ ಸಿಫಿಲಿಸ್ ರೋಗವನ್ನು, ಚಿಕಿತ್ಸೆ ಇದ್ದೂ ಕೊಡದೆ, ನೋಡುತ್ತ ಕುಳಿತ ಕಥೆ ಆ ಕಾಲಘಟ್ಟದ್ದು. ಇಂದು ಮನುಷ್ಯರ ಮೇಲೆ ಯಾವುದೇ ಅಧ್ಯಯನ ಮಾಡುವ ಮುನ್ನ ನೀತಿ ಸಮಿತಿಯ ಒಪ್ಪಿಗೆ ಬೇಕಾಗಿರುವುದರ ಹಿಂದೆ ಆ ನೋವಿದೆ. ವೈದ್ಯರಾಗಬೇಕೆಂದಿರುವ ಹುಡುಗಿಗೆ ಇದು ‘ಹೊರಗಿನ’ ವಿಷಯ ಹೇಗಾದೀತು? ನಮ್ಮ ಮಕ್ಕಳಿಗೆ ಇನ್ನೊಂದು ಕಾರಣವೂ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವದ ಅರ್ಹತೆ ಇಲ್ಲವೆಂದಿತು; 1946ರಲ್ಲಿ ಆ ಬಾಗಿಲು ತೆರೆಯಿತು; 1965ರ ವಲಸೆ ಕಾನೂನು ಬಂದ ಮೇಲೆ ನಮ್ಮೂರುಗಳ ವೈದ್ಯರು, ಎಂಜಿನಿಯರ್‌ಗಳು ದೊಡ್ಡ ಸಂಖ್ಯೆಯಲ್ಲಿ ಬರುವಂತಾಯಿತು. ತನ್ನ ಅಪ್ಪ ಅಮ್ಮ ಇಲ್ಲಿಗೆ ಹೇಗೆ ಬರಲು ಸಾಧ್ಯವಾಯಿತು ಎಂಬುದನ್ನು ನನ್ನ ಮಗಳು ತಿಳಿದದ್ದು ಆ ಕೋರ್ಸಿಗೆ ಪ್ರಬಂಧ ಬರೆಯುವಾಗ, ನನ್ನಿಂದಲ್ಲ.

2306ರ ಬಗ್ಗೆ ಒಂದು ಮಾತು. ಟೆಕ್ಸಸ್‌ನ ಶಾಸಕಾಂಗದ ನಿಯಮಿತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಅದೂ ಹೆಚ್ಚೆಂದರೆ 140 ದಿನ. 1876ರ ಅದರ ಸಂವಿಧಾನಕ್ಕೆ ತಿದ್ದುಪಡಿ ಆಗಬೇಕಾದರೆ ಜನರೇ ಮತ ಹಾಕಬೇಕು. 2007ರಲ್ಲಿ ಹಾಗೆ ಮತ ಹಾಕಿ ಕ್ಯಾನ್ಸರ್ ಸಂಶೋಧನೆಗೆ 300 ಕೋಟಿ ಡಾಲರ್ ಬಾಂಡ್‌ಗಳಿಗೆ ಒಪ್ಪಿಗೆ ಕೊಟ್ಟರು, 2019ರಲ್ಲಿ ಮತ್ತೆ ಅಷ್ಟೇ ಮೊತ್ತಕ್ಕೆ. ಇಲ್ಲಿನ ಪ್ರಯೋಗಾಲಯಗಳಲ್ಲಿ ಆ ಹಣದಿಂದ ಕೊಂಡ ಉಪಕರಣಗಳಿವೆ. ಮುಂದೆ ಸಂಶೋಧನೆಯಲ್ಲಿ ಅನ್ನ ಹುಡುಕುವವರು ಹಣ ಎಲ್ಲಿಂದ, ಯಾರ ಒಪ್ಪಿಗೆಯಿಂದ ಬರುತ್ತದೆ ಎಂದು ತಿಳಿದಿರಬೇಕು.

ಹೆಜ್ಜೆ 7: ಮೂರು ಕೋರ್ಸ್‌ಗಳನ್ನು ಮನಸ್ಸಿಟ್ಟು ಆರಿಸಿ

040, 050, 080. ತಲಾ ಒಂದೇ ಕೋರ್ಸ್. ನಿಜವಾದ ಸ್ವಾತಂತ್ರ್ಯ ಇರುವುದು ಇಲ್ಲಿ. ‘ಯಾವುದು ಸುಲಭ?’ ಎಂಬ ಪ್ರಶ್ನೆಯಿಂದಲೇ ಎಲ್ಲರೂ ಆರಂಭಿಸುತ್ತಾರೆ. ಜಿಪಿಎ (ಗ್ರೇಡ್‌ಗಳ ಸರಾಸರಿ) ಮುಖ್ಯವೇ. ಆದರೆ ಸುಲಭವೆಂದು ತೆಗೆದುಕೊಂಡು ಮನಸ್ಸೇ ಇಲ್ಲದ ಕೋರ್ಸಿನಲ್ಲಿ ವಾರವಾರ ಬರೆಯಬೇಕಾದ ಪ್ರತಿಕ್ರಿಯೆಗಳನ್ನು ಬಿಟ್ಟು ಬಿ ಗ್ರೇಡ್ ತೆಗೆದವರೇ ನನಗೆ ಹೆಚ್ಚು ಸಿಕ್ಕಿದ್ದಾರೆ.

080ರಲ್ಲಿ ವೈದ್ಯಕೀಯಕ್ಕೆ ಹೋಗುವವರು ಸೈಕಾಲಜಿ 2301 ತೆಗೆದುಕೊಳ್ಳಲಿ, ಎರಡು ಮಾತಿಲ್ಲ. ವೈದ್ಯಕೀಯ ಪ್ರವೇಶದ ಎಂಕ್ಯಾಟ್ ಪರೀಕ್ಷೆಯಲ್ಲಿ 2015ರಿಂದ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಕ್ಕೆ ಒಂದು ಪೂರ್ತಿ ವಿಭಾಗವೇ ಇದೆ. 090ರಲ್ಲಿ ಅವಕಾಶವಿದ್ದರೆ ಸೋಷಿಯಾಲಜಿ 1301 ಕೂಡ ಸೇರಿಸಿ. ಪರಿಸರ ವಿಜ್ಞಾನದವರಿಗೆ ಅರ್ಥಶಾಸ್ತ್ರ ಒಳ್ಳೆಯದು. 2302 ಸೂಕ್ಷ್ಮ ಅರ್ಥಶಾಸ್ತ್ರ, 2301 ಸಮಗ್ರ ಅರ್ಥಶಾಸ್ತ್ರ.

040ರಲ್ಲಿ ಫಿಲಾಸಫಿ 1301 ಅಥವಾ ನೀತಿಶಾಸ್ತ್ರದ 2306, ಇಲ್ಲವೇ ವಿಶ್ವ ಸಾಹಿತ್ಯದ ಇಂಗ್ಲಿಷ್ 2332, 2333. ಎಂಕ್ಯಾಟ್‌ನಲ್ಲೇ ಇನ್ನೊಂದು ವಿಭಾಗ ಮಾನವಿಕ ಮತ್ತು ಸಮಾಜ ವಿಜ್ಞಾನ ವಿಷಯಗಳ ಗದ್ಯವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಮೀಸಲು. ವಿಜ್ಞಾನದಲ್ಲಿ ಪ್ರವೀಣರಾದ ನಮ್ಮ ಮಕ್ಕಳು ಎಡವುವುದು ಅಲ್ಲೇ. ಅದಕ್ಕೆ ಕೊನೆಯ ಮೂರು ತಿಂಗಳ ಕೋಚಿಂಗ್‌ಗಿಂತ ಒಂದು ಸೆಮಿಸ್ಟರಿನ ತತ್ತ್ವಶಾಸ್ತ್ರದ ಓದು ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ನಂಬಿಕೆ.

050ರ ಕಲೆಯ ಕೋರ್ಸನ್ನು ‘ಟೈಂಪಾಸ್’ ಎನ್ನುವವರ ಮಾತು ಕೇಳಬೇಡಿ. ಆರ್ಟ್ಸ್ 1301 ಕಲಾಸ್ವಾದನೆ, ಮ್ಯೂಸಿಕ್ 1306 ಸಂಗೀತಾಸ್ವಾದನೆ, ಡ್ರಾಮಾ 1310 ರಂಗಭೂಮಿಯ ಪರಿಚಯ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತ ಮಕ್ಕಳು 1306 ತೆಗೆದುಕೊಂಡರೆ ಶ್ರುತಿ, ತಾಳ ಗೊತ್ತಿರುವ ಕಿವಿಗೆ ಸ್ವರಮೇಳದ ರಚನೆ ಬೇಗ ಒಲಿಯುತ್ತದೆ. ಆರ್ಟ್ಸ್ 1301ರಲ್ಲಿ ಸಾಮಾನ್ಯವಾಗಿ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದು ಬರೆಯಬೇಕು. ಡಲ್ಲಾಸ್ ಸುತ್ತಮುತ್ತ ಇದ್ದರೆ ಫೋರ್ಟ್ ವರ್ತ್‌ನ ಕಿಂಬೆಲ್‌ಗೆ ಹೋಗಿ. ಅದರ ಸ್ವಂತ ಸಂಗ್ರಹವನ್ನು ನೋಡಲು ಟಿಕೆಟ್ ಬೇಕಿಲ್ಲ. ಅಲ್ಲಿ ಕ್ಯಾರವಾಜಿಯೋನ ಇಸ್ಪೀಟಿನ ಮೋಸಗಾರರ ಚಿತ್ರವಿದೆ. 1972ರಲ್ಲಿ ತೆರೆದ ಆ ಕಟ್ಟಡವನ್ನು ವಿನ್ಯಾಸ ಮಾಡಿದವರು ಲೂಯಿ ಕಾನ್. ಅಹಮದಾಬಾದಿನ ಐಐಎಂ ಕೂಡ ಅವರದ್ದೇ. ಚಾವಣಿಯ ಸಂದಿಯಿಂದ ಬೀಳುವ ಬೆಳಕನ್ನು ಲೋಹದ ಪ್ರತಿಫಲಕ ಹಿಡಿದು ಕಾಂಕ್ರೀಟಿನ ಕಮಾನಿಗೆ ಹರಡುತ್ತದೆ, ಬೂದು ಕಾಂಕ್ರೀಟು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಭೌತಶಾಸ್ತ್ರ ಓದುವ ನಮ್ಮ ಪರಿಚಯದ ಹುಡುಗನೊಬ್ಬ ಚಿತ್ರಗಳನ್ನು ಬಿಟ್ಟು ಆ ಚಾವಣಿಯ ಬಗ್ಗೆಯೇ ಆರು ಪುಟ ಬರೆದ. ಅಧ್ಯಾಪಕರು ಮೆಚ್ಚಿ ಅದನ್ನು ತರಗತಿಯಲ್ಲಿ ಓದಿಸಿದರು.

ಹೆಜ್ಜೆ 8: ಹೈಸ್ಕೂಲಿನಲ್ಲಿ ಗಳಿಸಿದ್ದನ್ನು ಲೆಕ್ಕಕ್ಕೆ ತನ್ನಿ

ಇಲ್ಲಿಯೇ ಹೈಸ್ಕೂಲು ಓದಿದವರಿಗೆ ಇದು. ಎಪಿ ಪರೀಕ್ಷೆಯಲ್ಲಿ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವಂಥದ್ದು) 5ಕ್ಕೆ 3 ಬಂದರೆ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಮೊದಲ ಎರಡು ವರ್ಷದ ಹಂತದ ಕ್ರೆಡಿಟ್ ಕೊಡಬೇಕು. ಕೆಲವು ಕೋರ್ಸ್‌ಗಳಿಗೆ 4 ಅಥವಾ 5 ಕೇಳುವುದುಂಟು. ಹೈಸ್ಕೂಲಿನಲ್ಲಿದ್ದಾಗಲೇ ಸಮುದಾಯ ಕಾಲೇಜಿನ ಡ್ಯುಯಲ್ ಕ್ರೆಡಿಟ್ (ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕವಾಗುವ ಕೋರ್ಸ್) ತೆಗೆದುಕೊಂಡಿದ್ದರೆ ಆ ಕಾಲೇಜಿನ ಅಂಕಪಟ್ಟಿಯನ್ನು ಪ್ರತ್ಯೇಕವಾಗಿ ತರಿಸಬೇಕು. ಹೈಸ್ಕೂಲಿನ ಅಂಕಪಟ್ಟಿ ಸಾಲದು. ಎಪಿ ಯುಎಸ್ ಗವರ್ನಮೆಂಟ್ ಬರೆದವರು ‘ಸರ್ಕಾರ ಮುಗಿಯಿತು’ ಎಂದು ತಿಳಿಯುತ್ತಾರೆ. ಅದು ಒಕ್ಕೂಟ ಸರ್ಕಾರದ ಭಾಗ ಮಾತ್ರ. ಟೆಕ್ಸಸ್ ಸಂವಿಧಾನದ ಭಾಗ ಉಳಿದೇ ಇರುತ್ತದೆ.

ಇತಿಹಾಸ, ಇಂಗ್ಲಿಷ್, ಅರ್ಥಶಾಸ್ತ್ರದ ಎಪಿ ಕ್ರೆಡಿಟ್ ಇದ್ದರೆ ಧಾರಾಳವಾಗಿ ಸ್ವೀಕರಿಸಿ. ನಿಮ್ಮ ಮುಖ್ಯ ವಿಷಯದ್ದಾದರೆ ಎರಡು ಸಲ ಯೋಚಿಸಿ. ಎಪಿ ಕೆಮಿಸ್ಟ್ರಿಯಲ್ಲಿ 3 ಪಡೆದವಳು ನೇರವಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹಾರಿದರೆ ಬುನಾದಿ ಅಲುಗಾಡುತ್ತದೆ. ವೈದ್ಯಕೀಯ ಆಕಾಂಕ್ಷಿಗಳು ಟೆಕ್ಸಸ್‌ನ ವೈದ್ಯಕೀಯ ಕಾಲೇಜುಗಳು 6 ಗಂಟೆ ಇಂಗ್ಲಿಷ್, 3 ಗಂಟೆ ಸಂಖ್ಯಾಶಾಸ್ತ್ರ ಕೇಳುತ್ತವೆ ಎಂಬುದನ್ನೂ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಹೆಜ್ಜೆ 9: ಸೆಮಿಸ್ಟರುಗಳಿಗೆ ಹಂಚಿ

ನಿಯಮ ಒಂದೇ: ಪ್ರಯೋಗಾಲಯ ಇರುವ ಎರಡು ಕೋರ್ಸ್ ಇದ್ದ ಸೆಮಿಸ್ಟರಿನಲ್ಲಿ, ಬಹಳ ಬರೆಯಿಸುವ ಎರಡು ಕೋರ್ ಕೋರ್ಸ್ ಇಡಬೇಡಿ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ನಾನು ಹೀಗೆ ಬರೆದುಕೊಡುತ್ತೇನೆ. ಮೊದಲ ಸೆಮಿಸ್ಟರ್: ಕೆಮಿಸ್ಟ್ರಿ 1311 ಮತ್ತು 1111, ಮ್ಯಾತ್ 2413, ಇಂಗ್ಲಿಷ್ 1301, ಹಿಸ್ಟರಿ 1301, ಒಟ್ಟು 14 ಗಂಟೆ. ಎರಡನೆಯದು: ಕೆಮಿಸ್ಟ್ರಿ 1312 ಮತ್ತು 1112, ಮ್ಯಾತ್ 2414, ಇಂಗ್ಲಿಷ್ 1302, ಗವರ್ನಮೆಂಟ್ 2305; ಮತ್ತೆ 14. ಮೊದಲ ಬೇಸಿಗೆಯಲ್ಲಿ ಗವರ್ನಮೆಂಟ್ 2306. ಮೂರನೆಯದು: ಆರ್ಗ್ಯಾನಿಕ್ 2323 ಮತ್ತು 2123, ಫಿಸಿಕ್ಸ್ 2425, ಸೈಕಾಲಜಿ 2301, ಹಿಸ್ಟರಿ 1302, 14. ನಾಲ್ಕನೆಯದು: ಆರ್ಗ್ಯಾನಿಕ್ 2325 ಮತ್ತು 2125, ಫಿಸಿಕ್ಸ್ 2426, ಮ್ಯಾತ್ 2415, ಜೊತೆಗೆ ಕಲೆಯ ಕೋರ್ಸ್, 15.

040ರ ಕೋರ್ಸನ್ನು ಬೇಕೆಂದೇ ಮೂರನೇ ವರ್ಷಕ್ಕೆ ಬಿಡುತ್ತೇನೆ. ಫಿಸಿಕಲ್ ಕೆಮಿಸ್ಟ್ರಿಯ ಸಮೀಕರಣಗಳ ನಡುವೆ ವಾರಕ್ಕೆರಡು ಬಾರಿ ಪ್ಲೇಟೋವನ್ನೋ ಒಂದು ಕಾದಂಬರಿಯನ್ನೋ ಓದುವುದು ಮನಸ್ಸಿಗೆ ಗಾಳಿ ಆಡಿಸಿದಂತೆ. ಎಲ್ಲ ಕೋರ್ ಕೋರ್ಸ್‌ಗಳನ್ನೂ ಮೊದಲ ಎರಡು ವರ್ಷಗಳಲ್ಲೇ ಮುಗಿಸಿದವರಿಗೆ ಕೊನೆಯ ವರ್ಷಗಳಲ್ಲಿ ಉಳಿಯುವುದು ಕಷ್ಟದ ವಿಜ್ಞಾನ ಮಾತ್ರ. ಪೂರ್ಣಾವಧಿ ವಿದ್ಯಾರ್ಥಿಗೆ ಬೇಕಾದ 12 ಗಂಟೆಯ ಭಾರ ತುಂಬಿಸಲೂ ಹಗುರವಾದದ್ದು ಒಂದೂ ಇರುವುದಿಲ್ಲ. 120ನ್ನು ಎಂಟರಿಂದ ಭಾಗಿಸಿದರೆ 15. ಹದಿನಾಲ್ಕು ತೆಗೆದುಕೊಂಡ ಸೆಮಿಸ್ಟರುಗಳ ಬಾಕಿಯನ್ನು ಬೇಸಿಗೆಯಲ್ಲಿ ತೀರಿಸಿಕೊಳ್ಳಬಹುದು.

ಹೆಜ್ಜೆ 10: ಸಮುದಾಯ ಕಾಲೇಜಿನ ದಾರಿ

ಕಾಲಿನ್ ಕಾಲೇಜ್, ಡಲ್ಲಾಸ್ ಕಾಲೇಜ್, ಹ್ಯೂಸ್ಟನ್ ಮತ್ತು ಆಸ್ಟಿನ್‌ನ ಸಮುದಾಯ ಕಾಲೇಜುಗಳಲ್ಲಿ ಶುಲ್ಕ ವಿಶ್ವವಿದ್ಯಾಲಯಕ್ಕಿಂತ ಬಹಳ ಕಡಿಮೆ. ಕೋರ್ ಅನ್ನು ಅಲ್ಲಿ ಪೂರ್ತಿ 42 ಗಂಟೆ ಮುಗಿಸಿದರೆ, ಮುಂದೆ ಸೇರುವ ಸರ್ಕಾರಿ ವಿಶ್ವವಿದ್ಯಾಲಯ ಅದನ್ನು ಇಡಿಯಾಗಿ ಒಪ್ಪಲೇಬೇಕು, ಮತ್ತೆ ತನ್ನ ಕೋರ್ ಕೋರ್ಸ್ ಓದು ಎನ್ನುವಂತಿಲ್ಲ. ಅಂಕಪಟ್ಟಿಯಲ್ಲಿ ‘ಕೋರ್ ಕಂಪ್ಲೀಟ್’ ಎಂದು ಬರೆದಿರಬೇಕು. 39 ಗಂಟೆ ಮುಗಿಸಿ ವರ್ಗವಾದರೆ ಈ ರಕ್ಷಣೆ ಇಲ್ಲ. ಒಂದೊಂದು ಕೋರ್ಸನ್ನೂ ಬಿಡಿಬಿಡಿಯಾಗಿ ತೂಗಿ, ಉಳಿದದ್ದಕ್ಕೆ ಹೊಸ ವಿಶ್ವವಿದ್ಯಾಲಯ ತನ್ನ 090ರ ನಿಯಮವನ್ನು ಅನ್ವಯಿಸುತ್ತದೆ.

ಆದರೂ ವಿಜ್ಞಾನದ ವಿದ್ಯಾರ್ಥಿ ಎರಡು ವರ್ಷ ಬರೀ ಕೋರ್ ಓದಿ ವರ್ಗವಾಗಬಾರದು. ಕೆಮಿಸ್ಟ್ರಿ, ಕ್ಯಾಲ್ಕುಲಸ್, ಫಿಸಿಕ್ಸ್ ಒಂದರ ಮೇಲೊಂದು ಏರುವ ಮೆಟ್ಟಿಲು. ಮೂರನೇ ವರ್ಷ ಹೋಗಿ ಮೊದಲ ಮೆಟ್ಟಿಲಿನಲ್ಲಿ ನಿಂತರೆ ಪದವಿಗೆ ಇನ್ನೂ ನಾಲ್ಕು ವರ್ಷ ಬೇಕಾದೀತು. ವಿಜ್ಞಾನದ ಸರಣಿ ಮೊದಲು, ಕೋರ್ ಅದರ ಪಕ್ಕದಲ್ಲಿ. ಇನ್ನೊಂದು, ಪದವಿಯ ಕನಿಷ್ಠ ಶೇ 25ರಷ್ಟು ಕ್ರೆಡಿಟ್‌ಗಳನ್ನು ಪದವಿ ಕೊಡುವ ವಿಶ್ವವಿದ್ಯಾಲಯದಲ್ಲೇ ಓದಿರಬೇಕು.

ಹೆಜ್ಜೆ 11: ಕೋರ್ಸ್ ಬಿಡುವ ಮುನ್ನ

ಫಾಲ್ ಮತ್ತು ಸ್ಪ್ರಿಂಗ್ (ಜನವರಿಯಲ್ಲಿ ಶುರುವಾಗುವ) ಸೆಮಿಸ್ಟರುಗಳಲ್ಲಿ, ಪಾಠ ನಡೆಯುವ ದಿನಗಳ ಲೆಕ್ಕದಲ್ಲಿ 12ನೆಯ ದಿನ ಒಂದು ಗಡಿ. ಅದರೊಳಗೆ ಬಿಟ್ಟ ಕೋರ್ಸ್ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆಮೇಲೆ ಬಿಟ್ಟರೆ ದಾಖಲಾಗುತ್ತದೆ. 2007ರ ಫಾಲ್‌ನಿಂದ ಈಚೆಗೆ ಸೇರಿದ ಪದವಿ ವಿದ್ಯಾರ್ಥಿ ಹೀಗೆ ಒಟ್ಟು ಆರು ಕೋರ್ಸ್‌ಗಳಿಗಿಂತ ಹೆಚ್ಚು ಬಿಡುವಂತಿಲ್ಲ. ಕಾಲೇಜು ಬದಲಾದರೂ ಲೆಕ್ಕ ಬೆನ್ನು ಬಿಡುವುದಿಲ್ಲ. ಪದವಿಗೆ ಬೇಕಾದದ್ದಕ್ಕಿಂತ 30 ಗಂಟೆಗೂ ಮೀರಿ ಓದಿದರೆ ಟೆಕ್ಸಸ್ ನಿವಾಸಿಗೂ ಹೊರರಾಜ್ಯದ ಶುಲ್ಕ ವಿಧಿಸಬಹುದು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇದನ್ನು ಎರಡು ಸಲ ಓದಿ. ಪ್ರತಿ ಫಾಲ್ ಮತ್ತು ಸ್ಪ್ರಿಂಗ್‌ನಲ್ಲಿ 12 ಗಂಟೆ ಇರಲೇಬೇಕು, ಆ 12ರಲ್ಲಿ ಆನ್‌ಲೈನ್ ಕೋರ್ಸ್ ಒಂದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಇತಿಹಾಸ, ಸರ್ಕಾರ, ಸೈಕಾಲಜಿ ಇವೆಲ್ಲ ಆನ್‌ಲೈನ್‌ನಲ್ಲಿ ಹೇರಳವಾಗಿ ಸಿಗುವುದರಿಂದ ಸ್ನೇಹಿತರು ಎರಡು ಮೂರು ತೆಗೆದುಕೊಳ್ಳುತ್ತಾರೆ. ನೀವು ಹಾಗೆ ಮಾಡಿದರೆ ವೀಸಾದ ಸ್ಥಿತಿಗೇ ಕುತ್ತು. ಯಾವ ಕೋರ್ಸನ್ನೇ ಆಗಲಿ ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ, ಲಿಖಿತ ಅನುಮತಿ ಪಡೆಯಿರಿ.

ಹೆಜ್ಜೆ 12: ಪ್ರತಿ ಸೆಮಿಸ್ಟರ್ ಡಿಗ್ರಿ ಆಡಿಟ್

ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನಿಮ್ಮ ಖಾತೆಯೊಳಗೆ, ಪದವಿಗೆ ಬೇಕಾದದ್ದರಲ್ಲಿ ಏನು ಮುಗಿದಿದೆ, ಏನು ಉಳಿದಿದೆ ಎಂದು ತೋರಿಸುವ ಡಿಗ್ರಿ ಆಡಿಟ್ ಎಂಬ ವರದಿ ಸಿಗುತ್ತದೆ. ಪ್ರತಿ ನೋಂದಣಿಗೆ ಮೊದಲು ಅದನ್ನು ತೆಗೆದು, ನಿಮ್ಮ ಹಾಳೆಯ ಒಂಬತ್ತು ಸಾಲುಗಳ ಪಕ್ಕದಲ್ಲಿಟ್ಟು ನೋಡಿ. ವರ್ಗವಾಗಿ ಬಂದ ಕೋರ್ಸ್ ‘ಐಚ್ಛಿಕ’ ಎಂಬ ಕಡೆ ಕುಳಿತಿದ್ದರೆ ಅದನ್ನು ಸರಿಯಾದ ಸಾಲಿಗೆ ಸರಿಸುವಂತೆ ಕೇಳಿ. ಕೇಳುವಾಗ ಹಳೆಯ ಕೋರ್ಸಿನ ಸಿಲಬಸ್ ಬೇಕಾಗುತ್ತದೆ. ಆದ್ದರಿಂದ ಯಾವ ಸಿಲಬಸ್ಸನ್ನೂ ಎಸೆಯಬೇಡಿ. ಅಡ್ವೈಸರ್ (ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಸಿಬ್ಬಂದಿ) ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ‘ನಾನು ತಿಳಿದುಕೊಂಡದ್ದು ಸರಿಯೇ?’ ಎಂದು ವಿನಯದಿಂದ ಖಚಿತಪಡಿಸಿಕೊಳ್ಳಿ. ಅಡ್ವೈಸರುಗಳು ಬದಲಾಗುತ್ತಾರೆ, ಇಮೇಲ್ ಉಳಿಯುತ್ತದೆ.

ನೀವು ಸೇರಿದ ವರ್ಷದ ಕ್ಯಾಟಲಾಗನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಸಾಮಾನ್ಯವಾಗಿ ನಿಮಗೆ ಅನ್ವಯಿಸುವುದು ಅದರ ನಿಯಮಗಳೇ. 2025ರಲ್ಲಿ ಬಂದ ರಾಜ್ಯದ ಹೊಸ ಕಾನೂನಿನ ಪ್ರಕಾರ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು ಸಾಮಾನ್ಯ ಶಿಕ್ಷಣದ ಕೋರ್ಸ್‌ಗಳನ್ನು ಕಾಲಕಾಲಕ್ಕೆ ಪರಿಶೀಲಿಸಬೇಕಾಗಿದೆ, ಹಾಗಾಗಿ ಪಟ್ಟಿಗಳಲ್ಲಿ ಕೋರ್ಸ್‌ಗಳು ಬರುತ್ತಾ ಹೋಗುತ್ತಾ ಇರುತ್ತವೆ. ಓದಬೇಕೆಂದು ಆಸೆಪಟ್ಟ ಒಂದು ಕೋರ್ಸ್ ಈ ಸೆಮಿಸ್ಟರ್ ಪಟ್ಟಿಯಲ್ಲಿದ್ದು, ನಿಮ್ಮ ಹಾಳೆಯಲ್ಲಿ ಅದಕ್ಕೆ ಜಾಗವೂ ಇದ್ದರೆ ಮುಂದಿನ ವರ್ಷಕ್ಕೆಂದು ಕಾಯಬೇಡಿ. ನೋಂದಣಿ ತೆರೆಯುವ ದಿನ ಬೆಳಿಗ್ಗೆಯೇ ಕುಳಿತು ಹೆಸರು ಸೇರಿಸಿ. ಒಳ್ಳೆಯ ಅಧ್ಯಾಪಕರ ತರಗತಿಗಳು ಮಧ್ಯಾಹ್ನದ ಹೊತ್ತಿಗೆ ತುಂಬಿರುತ್ತವೆ.